ಹೆಣ್ಣು ನೋಡುವಲ್ಲಿ ಪ್ರೋಟೀನು

ಚಳ್ಳಕೆರೆಯ ಸಸ್ಯಶಾಸ್ತ್ರದ ಮೇಷ್ಟ್ರು ಎರಡೂ ಕೈಯ ಬೆರಳು ಹೆಣೆದು, “ಹಿಂಗೆ ಹಿಡ್ಕಂಡ್ರೇ ಒಳಕ್ಕೆ!” ಎನ್ನುತ್ತಿದ್ದರು. ಸಸ್ಯದ ಜೀವಕೋಶದಲ್ಲಿ ಸರಕು ಹೊತ್ತ ಪುಟ್ಟ ಚೀಲದ ಪ್ರೋಟೀನು, ಎದುರಿನ ಪೊರೆಯ ಪ್ರೋಟೀನಿನೊಡನೆ ಹೆಣೆದುಕೊಂಡರಷ್ಟೇ ಎರಡೂ ಬೆರೆತು ಸರಕು ಒಳಕ್ಕೆ ಹೋಗುತ್ತದಂತೆ.

ಅವರನ್ನು ಎಲ್ಲೂ ಯಾವ ಹೆಣ್ಣೂ ಒಪ್ಪಿರಲಿಲ್ಲ. ಮೊಳಕಾಲ್ಮೂರಿಗೆ ಹೆಣ್ಣು ನೋಡಲು ಶಿಷ್ಯನಾದ ನನ್ನನ್ನೂ ಕರೆದೊಯ್ದರು. ಹುಡುಗಿ ಬಂದು ಕೂತಳು. ಉಪ್ಪಿಟ್ಟು ಆರುವವರೆಗೂ ಮೇಷ್ಟ್ರು ಇದನ್ನೇ ವಿವರಿಸಿದರು. ನಾನಂತೂ ಬಾಯಿ ತೆರೆದುಕೊಂಡು ಕೇಳುತ್ತಾ ಕೂತೆ.

“ಎದುರಿನ ಪೊರೆ ಕೈ ಕೊಡ್ಲಿಲ್ಲಾಂದ್ರೆ ಏನಾಗ್ತೈತ್ರಿ?” ಎಂದಳು ಹುಡುಗಿ.

“ಭೇಷ್! ಚೀಲ ಹೊರಗೇ ನಿಲ್ತೈತಮ್ಮಾ!”

ಹುಡುಗಿ ಕೈಮುಗಿದು ಎದ್ದು ಹೋದಳು. ಒಳಗಿನಿಂದ ಮಗ್ಗದ ಸದ್ದು ಶುರುವಾಯಿತು. ಅವರಪ್ಪ ನಮ್ಮ ಚಪ್ಪಲಿಯ ಕಡೆ ನೋಡಿದರು.

ವಾಪಸು ಬರುವ ಬಸ್ಸಿನಲ್ಲಿ ಮೇಷ್ಟ್ರು ಬೆರಳು ಹೆಣೆದುಕೊಂಡೇ ಕೂತಿದ್ದರು. “ಎಂಥಾ ಪ್ರಶ್ನೆ ಕೇಳಿದ್ಲು ನೋಡಲೇ! ಈ ಮದ್ವೆ ಆದಂಗೇ.”