ಹಟ್ಟಿಯ ಹಿಂದೆ ಹೂತ ತುಂಡುಗಳು

ಬಂಡೂರಿನ ಮರಿತಾಯಮ್ಮ ಯಾರನ್ನೂ ನಂಬುವವಳಲ್ಲ. ಕುರಿ ಕೊಳ್ಳಲು ಮಳವಳ್ಳಿಯಿಂದ ಬರುವವರ ಮಾತಿರಲಿ, ಹೆತ್ತ ಮಗ ಚಿಕ್ಕಮಾದು ಹೇಳಿದ್ದನ್ನೂ ಇನ್ನೊಬ್ಬರ ಹತ್ತಿರ ವಿಚಾರಿಸಿಯೇ ಒಪ್ಪುತ್ತಿದ್ದಳು. ಗಂಡ ಸತ್ತ ಮೇಲೆ ಮೂವತ್ತು ಕುರಿಗಳನ್ನು ಉಳಿಸಿಕೊಂಡದ್ದು ಈ ಗುಣದಿಂದಲೇ. ಹಾಗಾಗಿ ಅವಳನ್ನು ದೂರುವ ಹಾಗೂ ಇಲ್ಲ.

ಮೂವತ್ತಾರನೇ ಇಸವಿಯ ಮುಂಗಾರು ಆಗಷ್ಟೇ ಹಿಡಿದಿತ್ತು. ಶಾಲೆಯ ಕಸ್ತೂರಿರಂಗ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಅವಳ ಕುರಿಹಟ್ಟಿಯ ಹಿಂದಿನ ಬೀಳುನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳುದ್ದದ ಬಿಳಿ ಮರದ ತುಂಡುಗಳನ್ನು ಹೂಳುತ್ತಿದ್ದುದನ್ನು ಅವಳು ಕಂಡಳು. ಒಂದೊಂದಕ್ಕೂ ತಗಡಿನ ಚೂರು ಕಟ್ಟಿ, ಅದರ ಮೇಲೆ ಏನೋ ಕೊರೆದಿತ್ತು. ಮಾಟವಲ್ಲದೆ ಇನ್ನೇನು? ಸೊಸೆ ಅಂಕಮ್ಮನಿಗೆ ಎರಡು ಬಸಿರು ನಿಂತಿರಲಿಲ್ಲ. ಈಗ ಮೂರನೆಯದು, ಮೂರು ತಿಂಗಳು.

ಹದಿನೈದು ದಿನಕ್ಕೊಮ್ಮೆ ಮೇಷ್ಟ್ರು ಬಂದು ಎರಡು ತುಂಡು ಅಗೆದು, ಒಣಗಿಸಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳುತ್ತಿದ್ದರು.

"ಮಾಟ ಮಾಡೋರು ತೂಕ ಯಾಕವ್ವ ನೋಡ್ತಾರೆ?" ಎಂದ ಚಿಕ್ಕಮಾದು.

"ಓದ್ದೋರ ಮಾಟ ಅಂಗೇ ಇರ್ತದೆ ಕಣ್ಲಾ."

ಎರಡು ತಿಂಗಳು ಹೇಗೋ ಸಹಿಸಿದಳು. ಮೇಷ್ಟ್ರು ಮಂಡ್ಯಕ್ಕೆ ಹೋದ ದಿನ ಗುದ್ದಲಿ ಹಿಡಿದು, ಉಳಿದಿದ್ದ ಹದಿನೆಂಟನ್ನೂ ಕಿತ್ತು ನೀರೊಲೆಗೆ ಹಾಕಿ, ಆ ಬೆಂಕಿಯಲ್ಲಿ ಕಾದ ನೀರಲ್ಲೇ ಸೊಸೆಗೆ ಸ್ನಾನ ಮಾಡಿಸಿದಳು. ಅಂದು ಅವಳಿಗಾದ ನೆಮ್ಮದಿ ಅಷ್ಟಿಷ್ಟಲ್ಲ.

ಮರಳಿ ಬಂದ ಮೇಷ್ಟ್ರು ಗುಂಡಿಗಳನ್ನು ನೋಡಿ ತಲೆಯ ಮೇಲೆ ಕೈಹೊತ್ತು ಕೂತರು.

"ನಾನೇ ಸುಟ್ಟಿದ್ದು," ಎಂದಳು ಅವಳು. "ನನ್ನ ಸೊಸೆ ವಟ್ಟೆ ಮ್ಯಾಲೆ ನಿಮ್ಗೇನು ಕಣ್ಣು?"

ಮೇಷ್ಟ್ರಿಗೆ ಆಗ ಅರ್ಥವಾಯಿತು. "ಅಯ್ಯೋ, ಮೊದಲೇ ಹೇಳಬೇಕಿತ್ತು ನಾನು. ಇವು ಸ್ವೀಡನ್ ದೇಶದ ಮರ, ತಾಯಿ. ಅಲ್ಲಿ ಆರು ತಿಂಗಳು ಹಿಮ. ಬಿದ್ದ ಎಲೆ ಕೊಳೆತು ಮಣ್ಣಾಗೋಕೇ ವರ್ಷಗಟ್ಟಲೆ ಬೇಕು, ಅದಕ್ಕೇ ಮರ ಬೆಳೆಯೋದೂ ನಿಧಾನ. ಕಡಿದರೆ ಮತ್ತೆ ಆ ಕಾಡು ಬರೋಕೆ ಮೂರು ತಲೆಮಾರು. ಇದೇ ಮರ ಬಿಸಿ ನೆಲದಲ್ಲಿ ಎಷ್ಟು ಬೇಗ ಮಣ್ಣಾಗುತ್ತೆ ಅಂತ ತೋರಿಸಿದರೆ, ತಮ್ಮ ಕಾಡು ಎಷ್ಟು ನಿಧಾನ ಅಂತ ಅಲ್ಲಿನ ದೊರೆಗಳಿಗೆ ತಿಳಿದೀತು, ಕೊಡಲಿ ತಡೆದಾರು ಅಂತ ಅಲ್ಲಿಯ ಪಂಡಿತರು ಕಳಿಸಿದ್ದು."

"ಯಾವ್ದೋ ದೇಸದ ಕಾಡು ಉಳ್ಸಕೆ ನಮ್ಮಟ್ಟಿ ಇಂದೆ ಗುಂಡಿ ತೋಡ್ತಾರಾ? ಬುಡಿ, ಬುಡಿ."

ಸುಡುವಾಗ ತುಂಡುಗಳು ಹೇಗಿದ್ದವೆಂದಷ್ಟೇ ಮೇಷ್ಟ್ರು ಕೇಳಿದರು. ಕುರಿಮರಿಯನ್ನು ಎತ್ತಿಯೇ ತೂಕ ಹೇಳುವ ಕೈ ಅವಳದು. ನಾಲ್ಕು ಬೆಂಡಿನಂತೆ ಹಗುರಾಗಿದ್ದವು, ಏಳನ್ನು ಗೆದ್ದಲು ಅರ್ಧಕ್ಕರ್ಧ ತಿಂದಿತ್ತು, ಮಿಕ್ಕವು ಗಟ್ಟಿ ಎಂದು ಒಂದೊಂದಾಗಿ ಹೇಳಿದಳು. ಅವರು ಅದನ್ನು ಪುಸ್ತಕಕ್ಕೆ ಏರಿಸಲಿಲ್ಲ. ತೂಗದ್ದನ್ನು ಬರೆಯಬಾರದು ಎಂದು ಪುಸ್ತಕ ಮುಚ್ಚಿದರು. ಇದಂತೂ ಅವಳಿಗೆ ಇನ್ನಷ್ಟು ಅನುಮಾನ ತಂದಿತು.

ಹದಿನೈದು ದಿನ ಕಳೆಯಿತು. ಅಂಕಮ್ಮನ ಬಸಿರು ಇಳಿದುಹೋಯಿತು.

ಮರಿತಾಯಮ್ಮ ಅಳಲಿಲ್ಲ. ಗುದ್ದಲಿ ತೆಗೆದುಕೊಂಡು ಹಟ್ಟಿಯ ಹಿಂದೆ ಮೊಣಕಾಲುದ್ದ ಅಗೆದಳು. ಕಲ್ಲು, ಬೇರು ಬಿಟ್ಟರೆ ಏನೂ ಸಿಗಲಿಲ್ಲ. ಸುದ್ದಿ ಕೇಳಿ ಮೇಷ್ಟ್ರು ಬಂದಾಗ ಅವಳು ಮಣ್ಣಲ್ಲೇ ಕೂತಿದ್ದಳು.

"ಒಂದು ತುಂಡು ಉಳ್ಕಂಡಿತ್ತು ಅನ್ನಿ ಮೇಷ್ಟ್ರೇ."

"ಹದಿನೆಂಟೂ ಹೋಯ್ತಲ್ಲಮ್ಮ."

"ಸುಳ್ಳಾದ್ರೂ ಅನ್ನಿ. ಇಲ್ದಿದ್ರೆ ಯಾರ್ನ ಬೈಲಿ ನಾನು?"

ಹಾಗೆಂದರೆ ಊರೆಲ್ಲ ತಮ್ಮ ಕಡೆ ಬೆರಳು ಮಾಡುತ್ತದೆಂದು ಮೇಷ್ಟ್ರಿಗೆ ಗೊತ್ತಿತ್ತು. ಆದರೂ ಅವಳ ಪಕ್ಕದಲ್ಲಿ ಕೂತು, "ಒಂದು ಉಳಿದಿತ್ತು, ತಾಯಿ. ನಂದೇ ತಪ್ಪು," ಎಂದರು.

ಮರಿತಾಯಮ್ಮ ಅವರ ಮುಖ ನೋಡಿದಳು. ಅದನ್ನೂ ನಂಬಲು ಅವಳಿಂದ ಆಗಲಿಲ್ಲ.