ತಲೆ ಹಾಕಬಾರದು ಎಂಬ ಪಕ್ಷ

ಮೊನ್ನೆ ತೋಡಾರಿನ ಹೋಟೆಲೊಂದರಲ್ಲಿ ಚಹಾಕ್ಕೆ ಕಾಯುತ್ತಿದ್ದೆ. ಸಪ್ಲೈಯರನನ್ನು ಕರೆಯಲೆಂದು ಹೋಟೆಲಿನ ಯಜಮಾನರು ಗಲ್ಲೆಯ ಮೇಲಿನ ಗಂಟೆಗೆ ಟಣ್ಣೆಂದು ಒಂದು ಕುಟ್ಟಿದರು. ನಾನು ಬೆನ್ನು ನೆಟ್ಟಗೆ ಮಾಡಿ ಬಾಯಿ ಮುಚ್ಚಿಕೊಂಡೆ. ಬಾಯಿ ತೆರೆದೇ ಇರಲಿಲ್ಲ, ಅದು ಬೇರೆ ಮಾತು. ನಗಬೇಡಿ. ಆಯುಷ್ಯವಿಡೀ ಮಕ್ಕಳಿಗೆ ಡಿಬೇಟ್ ಕಲಿಸಿದವಳಿಗೆ ಗಂಟೆಯೆಂದರೆ ಟೈಮ್ ಅಪ್.

ನಾನು ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಎಲೊಕ್ಯೂಷನ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ವೇದಿಕೆ ಹತ್ತುವ ಹುಡುಗಿಯ ಗಲ್ಲ ಹಿಡಿದೆತ್ತಿ, "ಫೇಸ್ ಈಸ್ ಆಲ್ಸೋ ಯೂನಿಫಾರ್ಮ್, ಚೈಲ್ಡ್" ಎನ್ನುತ್ತಿದ್ದರು. ಒಳಗೆ ಏನೇ ನಡೆಯುತ್ತಿರಲಿ, ಮುಖಕ್ಕೆ ಇಸ್ತ್ರಿ ಹಾಕಿರಬೇಕು. ನನಗೆ ಆ ವಿದ್ಯೆ ಎಷ್ಟು ಚೆನ್ನಾಗಿ ಹಿಡಿಯಿತೆಂದರೆ, ನಮ್ಮ ಯಜಮಾನರು ಇದ್ದಾಗ ಪಾಯಸ ಬಡಿಸಿ, "ನಿನ್ನ ಮುಖ ನೋಡಿದರೆ ಸಕ್ಕರೆ ಹಾಕಿದ್ದೇನಾ ಇಲ್ಲವಾ ಅಂತ ಗೊತ್ತಾಗುದಿಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಪಾಯಸ ಅವರೇ ಮಾಡುತ್ತಿದ್ದುದು. ಈಗ ಮನೆಯಲ್ಲಿ ಪಾಯಸವಿಲ್ಲ, ಇಸ್ತ್ರಿ ಮಾತ್ರ ಉಳಿದಿದೆ.

ರಿಟೈರ್ ಆದ ಮೇಲೂ ಪುಂಜಾಲಕಟ್ಟೆಯ ಹೈಸ್ಕೂಲಿನವರು ನನ್ನನ್ನು ಬಿಟ್ಟಿರಲಿಲ್ಲ. ಶನಿವಾರ ಬಂಟ್ವಾಳದಿಂದ ಬಸ್ಸು ಹಿಡಿದು ಹೋಗಿ ಮಕ್ಕಳನ್ನು ತಯಾರು ಮಾಡುತ್ತಿದ್ದೆ. ನನ್ನ ಪದ್ಧತಿ ಸರಳ. ಬಿಸ್ಕತ್ತಿನ ಡಬ್ಬದಲ್ಲಿ ಪರ ಎಂದೊಂದು ಚೀಟಿ, ವಿರೋಧ ಎಂದೊಂದು ಚೀಟಿ. ಕೈಗೆ ಬಂದದ್ದನ್ನು ವಾದಿಸಬೇಕು. ಮುಂದಿನ ವಾರ ಅದೇ ಬಾಯಿಯಲ್ಲಿ ಅದರ ಉಲ್ಟಾ. ಸ್ಪರ್ಧೆಯಲ್ಲೂ ಚೀಟಿ ಎತ್ತುವುದು ವೇದಿಕೆಗೆ ಹತ್ತುವ ಸ್ವಲ್ಪ ಮೊದಲು. "ನೋ ಎಕ್ಸ್‌ಚೇಂಜ್, ನೋ ಎಕ್ಸ್‌ಕ್ಯೂಸ್" ಎಂಬ ನನ್ನ ಮಾತನ್ನು ಮಕ್ಕಳು ನನ್ನ ಬೆನ್ನ ಹಿಂದೆ ಮೂಗಿನಲ್ಲಿ ಅಣಕಿಸುತ್ತಿದ್ದರು. ಚೆನ್ನಾಗಿಯೇ ಅಣಕಿಸುತ್ತಿದ್ದರು.

ಒಂದು ವರ್ಷ ಮೂಡುಬಿದಿರೆಯ ಸ್ಪರ್ಧೆಗೆ ಕೊಟ್ಟ ವಿಷಯ: ಪರದೇಶಗಳ ಯುದ್ಧದಲ್ಲಿ ನಮ್ಮ ದೇಶ ತಲೆ ಹಾಕಬಾರದು. ನನ್ನ ಮಕ್ಕಳು ಇಬ್ಬರು. ಅಫ್ರೀನಾ, ಶ್ರಾವ್ಯಾ ಶೆಟ್ಟಿ. ಒಂದೇ ಬೆಂಚಿನವರು, ಒಂದೇ ಟಿಫಿನ್ನಿನವರು. ನೆರೆಮನೆಗೆ ಬೆಂಕಿ ಬಿದ್ದಾಗ ಕೊಡಪಾನ ಹಿಡಿದು ಓಡದವನು ಮನುಷ್ಯನೇ ಎಂದು ಒಬ್ಬಳು ಕೇಳಿದರೆ, ನಂದಿಸಲು ಹೋದವರು ಸೀಮೆಎಣ್ಣೆ ಮಾರಿ ಬಂದದ್ದೇ ಹೆಚ್ಚು ಎಂದು ಇನ್ನೊಬ್ಬಳು. ಒಮ್ಮೆ ಶ್ರಾವ್ಯಾ ನನ್ನನ್ನೇ ಹಿಡಿದಳು. "ಪರದೇಶ ಅಂತ ಯಾಕೆ ಹೇಳುದು ಮಿಸ್? ನಮ್ಮ ಪೇಟೆಯ ಅರ್ಧ ಗಂಡಸರು ಅಲ್ಲೇ ಇರುದಲ್ವಾ. ಬೆಳ್ತಂಗಡಿಗಿಂತ ದುಬೈ ನಮಗೆ ಹತ್ತಿರ."

"ಗುಡ್ ಪಾಯಿಂಟ್" ಎಂದೆ. ಆಗ ಅದು ಬರೀ ಪಾಯಿಂಟ್ ಆಗಿತ್ತು.

ಸ್ಪರ್ಧೆಯ ವಾರ ಕೊಲ್ಲಿಯ ಆಕಾಶದಲ್ಲಿ ಕ್ಷಿಪಣಿಗಳು ಹಾರಿದವು. ವಿಮಾನ ನಿಂತಿತು. ಅಫ್ರೀನಾಳ ಅಪ್ಪ, ಅವಳ ಬಾಯಲ್ಲಿ ಉಪ್ಪ, ಅಲ್ಲಿ ಬಂದರಿನ ಹತ್ತಿರ ಒಂದು ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದರು. ಸ್ಪರ್ಧೆಯ ಹಿಂದಿನ ಸಂಜೆಯಿಂದ ಅವರ ಫೋನ್ ಇಲ್ಲ. ಕಳಿಸಿದ ಮೆಸೇಜಿಗೆ ಒಂದೇ ಗೀಟು, ಎರಡನೆಯದು ಬೀಳುತ್ತಲೇ ಇಲ್ಲ. ಬರುವುದು ಬೇಡ ಎಂದೆ. "ಮನೆಯಲ್ಲಿ ಕೂತರೆ ಉಮ್ಮನ ಮುಖ ನೋಡ್ಬೇಕು ಮಿಸ್, ಬರ್ತೇನೆ" ಎಂದಳು.

ಚೀಟಿ ಎತ್ತಿದರು. ಶ್ರಾವ್ಯಾಳಿಗೆ ವಿರೋಧ, ಅಫ್ರೀನಾಳಿಗೆ ಬಂದದ್ದು ಪರ. ಅಂದರೆ, ಅಲ್ಲಿ ಏನೇ ಆಗಲಿ, ನಾವು ತಲೆ ಹಾಕಬಾರದು ಎಂದು ಅವಳೇ ನಿಂತು ಹೇಳಬೇಕು.

ಶ್ರಾವ್ಯಾ ನನ್ನ ಸೆರಗು ಎಳೆದಳು. "ಮಿಸ್, ಚೀಟಿ ಬದಲಾಯಿಸುವ. ಯಾರಿಗೆ ಗೊತ್ತಾಗ್ತದೆ?"

ನನಗಿಂತ ಮೊದಲು ಅಫ್ರೀನಾ ಮೂಗಿನಲ್ಲಿ, ಥೇಟ್ ನನ್ನ ಹಾಗೆ, "ನೋ ಎಕ್ಸ್‌ಚೇಂಜ್, ನೋ ಎಕ್ಸ್‌ಕ್ಯೂಸ್" ಎಂದಳು. ನಕ್ಕಳು ಕೂಡ. ಆಮೇಲೆ ನಿಯಮದಂತೆ ತನ್ನ ಫೋನನ್ನು ನನ್ನ ಕೈಗಿತ್ತಳು. ಕೊಡುವ ಮೊದಲು ಪರದೆಯನ್ನು ಶಾಲಿಗೆ ಒರೆಸಿದಳು.

ಅವಳು ಮಾತಾಡಿದಷ್ಟು ಹೊತ್ತೂ ಆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಯುದ್ಧಕ್ಕೆ ಹೋಗುವ ಸೈನಿಕನೂ ಒಂದು ಮನೆಯ ತಂದೆ, ಒಬ್ಬರ ತಂದೆಯನ್ನು ಉಳಿಸಲು ಇನ್ನೊಬ್ಬರ ತಂದೆಯನ್ನು ಕಳಿಸುವ ಹಕ್ಕು ಯಾರಿಗಿದೆ ಎಂದು ಅವಳು ಕೇಳುವಾಗ ದನಿ ಒಂದು ನೂಲಿನಷ್ಟೂ ಅಲುಗಲಿಲ್ಲ. ಮುಗಿಸುವ ಹೊತ್ತಿಗೆ ಮಡಿಲಲ್ಲಿ ಫೋನ್ ನಡುಗಿತು. ಉಮ್ಮ ಎಂದು ಹೆಸರು ಬಂತು, ಅವಳ ತಾಯಿ. ಹೊರಗೆ ಓಡಿದೆ. ಈ ಮಂಡಿಯಲ್ಲಿ ಓಡುವುದೆಂದರೆ ನಿಮಗೆ ಗೊತ್ತಲ್ಲ, ಮನಸ್ಸು ಮುಂದೆ, ಕಾಲು ಹಿಂದೆ.

"ಟೀಚರೇ, ಅವರದ್ದು ಫೋನ್ ಬಂತು" ಎಂದರು ಆಕೆ. ಅಳುತ್ತಿದ್ದರೋ ನಗುತ್ತಿದ್ದರೋ. "ಅಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಅಂತೆ. ಹುಷಾರುಂಟು ಅಂತೆ. ಅವಳಿಗೊಂದು ಹೇಳ್ತೀರಾ?"

ನಾನು ಒಳಗೆ ಬರುವಾಗ ಪ್ರಶ್ನೆಯ ಸುತ್ತು ಶುರುವಾಗಿತ್ತು. ಬೇರೆ ಶಾಲೆಯ ಹುಡುಗನೊಬ್ಬ, ಪಾಪ, ಅವನಿಗೇನು ಗೊತ್ತು, ಎದ್ದು ನಿಂತು ಕೇಳುತ್ತಿದ್ದ: "ನಿಮ್ಮ ಸ್ವಂತ ತಂದೆಯೇ ಆ ಯುದ್ಧದ ನಡುವೆ ಸಿಕ್ಕಿಕೊಂಡಿದ್ದರೆ ಆಗಲೂ ಹೀಗೆಯೇ ಹೇಳುತ್ತೀರಾ?"

ಅಫ್ರೀನಾ ಉತ್ತರಕ್ಕೆ ತಲೆ ಎತ್ತಿದಳು. ಎತ್ತಿದ ಕಣ್ಣಿಗೆ ಬಿದ್ದದ್ದು ಬಾಗಿಲಲ್ಲಿ ಅವಳ ಫೋನ್ ಹಿಡಿದು ನಿಂತ ನಾನು. ಪ್ರೇಕ್ಷಕರ ಕಡೆಯಿಂದ ಸ್ಪರ್ಧಿಗೆ ಕಣ್ಸನ್ನೆ ಮಾಡಿದರೂ ತಂಡ ಔಟ್. ಎಷ್ಟೋ ವರ್ಷ ತೀರ್ಪುಗಾರಳಾಗಿ ಆ ನಿಯಮದಡಿ ಮಕ್ಕಳನ್ನು ಕೆಳಗಿಳಿಸಿದವಳು ನಾನು. ಆದ್ದರಿಂದ ಮುಖಕ್ಕೆ ಇಸ್ತ್ರಿ ಹಾಕಿ ನಿಂತಿದ್ದೆ. ಇನ್ನು ಸ್ವಲ್ಪ ಹೊತ್ತು ತಾನೇ, ಇಳಿದ ಕೂಡಲೇ ಹೇಳುವ ಎಂದುಕೊಂಡೆ.

ಅವಳು ನನ್ನ ಮುಖ ಓದಿದಳು. ಏನೂ ಬರೆಯದ ಆ ಮುಖದಲ್ಲಿ ಅವಳಿಗೆ ಕಂಡದ್ದು ಒಂದೇ ಸುದ್ದಿ. ಅವಳ ತುಟಿಯ ಬಣ್ಣ ಇಳಿಯಿತು. ಮೈಕಿನ ಕಂಬ ಹಿಡಿದಳು. ಕಂಬವೂ ಅವಳ ಜೊತೆ ವಾಲಿತು.

"ಅಫ್ರೀನಾ, ಉಪ್ಪ ಹುಷಾರುಂಟು" ಎಂದು ಕೂಗಿದೆ. "ಈಗ ಫೋನ್ ಮಾಡಿದ್ದು. ಹುಷಾರುಂಟು."

ಇಡೀ ಹಾಲ್ ನನ್ನ ಕಡೆ ತಿರುಗಿತು. ಕೆಳಗೆ ಕುಳಿತಿದ್ದ ಶ್ರಾವ್ಯಾ ಮುಖ ಮುಚ್ಚಿಕೊಂಡು ಅತ್ತಳು. ಪ್ರಶ್ನೆ ಕೇಳಿದ ಹುಡುಗ ನಿಂತಲ್ಲೇ ಕುಗ್ಗಿಹೋದ. ಅಫ್ರೀನಾ ಒಂದು ಉಸಿರು ಎಳೆದು, ಅವನ ಕಡೆಗೇ ತಿರುಗಿ, ಒಡೆದ ದನಿಯಲ್ಲಿ ಉತ್ತರ ಕೊಟ್ಟಳು. "ಕರೆದುಕೊಂಡು ಬರಲು ಹಡಗು ಕಳಿಸಿ ಎನ್ನುತ್ತೇನೆ. ಹೊಡೆಯಲು ಹಡಗು ಕಳಿಸಿ ಎನ್ನುವುದಿಲ್ಲ."

ತೀರ್ಪುಗಾರರು ಒಳ್ಳೆಯವರು, ನಿಯಮ ಬಿಡಲಿಲ್ಲ. ತಂಡ ಔಟ್. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ, ಬಹುಶಃ. ವಾಪಸು ಬರುವಾಗ ನಮ್ಮ ವ್ಯಾನು ಪುತ್ತಿಗೆ ದಾಟಿತು. ಆಮೇಲೆ ಅಫ್ರೀನಾ, "ಅಲ್ಲ ಮಿಸ್, ತಲೆ ಹಾಕಬಾರದು ಅಂತ ನಾನು ಅಷ್ಟು ಕಷ್ಟಪಟ್ಟು ಹೇಳಿದ್ದು. ನೀವು ಹಿಂದಿನಿಂದ ಬಂದು ತಲೆ ಹಾಕಿದ್ರಿ" ಎಂದಳು.

"ಪ್ರೈಜೂ ಹೋಯ್ತು, ಮರ್ಯಾದೆಯೂ ಹೋಯ್ತು" ಎಂದು ಶ್ರಾವ್ಯಾ ಸೇರಿಸಿದಳು. ಇಬ್ಬರೂ ನನ್ನ ಭುಜಕ್ಕೆ ಒರಗಿದರು, ಆಚೆಗೊಬ್ಬಳು, ಈಚೆಗೊಬ್ಬಳು.

ಇದನ್ನೆಲ್ಲ ನೆನೆಯುವಷ್ಟರಲ್ಲಿ ತೋಡಾರಿನ ಹೋಟೆಲಿನಲ್ಲಿ ನನ್ನ ಚಹಾ ಬಂದು ಆರಿತ್ತು. ಗೋಡೆಯ ಟೀವಿಯಲ್ಲಿ ಮತ್ತೆ ಕೊಲ್ಲಿಯ ಯುದ್ಧದ ಸುದ್ದಿ. ಪಕ್ಕದ ಬೆಂಚಿನಲ್ಲಿ ಪರಿಚಯವಿಲ್ಲದ ಒಬ್ಬ ಹೆಂಗಸು ಫೋನನ್ನು ಕಿವಿಗಿಡುವುದು, ಇಳಿಸಿ ನೋಡುವುದು, ಮತ್ತೆ ಇಡುವುದು ಮಾಡುತ್ತಿದ್ದಳು. ಅವಳ ಮುಂದಿನ ನೀರುದೋಸೆ ಮುಟ್ಟಿದ ಹಾಗಿರಲಿಲ್ಲ. ಹಿಂದೆಯಾದರೆ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ. ನನಗದು ಒಳ್ಳೆಯ ಮ್ಯಾನರ್ಸ್ ಆಗಿತ್ತು.

"ಯಾರಮ್ಮ ಅಲ್ಲಿರುದು?" ಎಂದು ಕೇಳಿದೆ.

"ತಮ್ಮ" ಎಂದಳು. ತನ್ನ ಚೀಲವನ್ನು ನೆಲಕ್ಕಿಳಿಸಿ ಬೆಂಚಿನಲ್ಲಿ ನನಗೆ ಜಾಗ ಮಾಡಿದಳು.