ಬಿದ್ದ ಗೋಧಿಗೆ ಅಂಕ ಹಾಕುವ ಅಕ್ಕ

ಬೆಳಗಿನ ಆರು ಗಂಟೆ. ಸೂರ್ಯ ಈಗಷ್ಟೇ ಹೊಲದಂಚಿಗೆ ಬಂದಿದ್ದಾನೆ. ಅಳತೆಯ ಕೋಲನ್ನು ಹೆಗಲಿಗಿಟ್ಟುಕೊಂಡು ಅವರು ಗೋಧಿಯ ಸಾಲುಗಳ ನಡುವೆ ಅಡ್ಡಡ್ಡ ಹೆಜ್ಜೆ ಹಾಕುತ್ತಾರೆ. ಮೈ ತಾಗಿ ಒಂದು ಕಾಳೂ ಉದುರಬಾರದು. ಇಬ್ಬನಿಗೆ ಬಟ್ಟೆ ಮೊಣಕಾಲವರೆಗೆ ಒದ್ದೆ. ಒಂದು ತಾಕಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ತಲೆ ಓರೆ ಮಾಡಿ ನೋಡುತ್ತಾರೆ. ಎದ್ದು ಪುಸ್ತಕದಲ್ಲಿ ಒಂದೇ ಒಂದು ಅಂಕಿ ಬರೆಯುತ್ತಾರೆ. ಮುಂದಿನ ತಾಕಿಗೆ ಹೋಗುತ್ತಾರೆ.

"ಬಿಸಿಲೇರಿದ ಮೇಲೆ ಎಲ್ಲಾ ತಳಿನೂ ಒಂದೇ ಥರ ಕಾಣತ್ತೆ. ಯಾವುದು ಬಾಗಿದೆ, ಯಾವುದು ಸೆಟೆದು ನಿಂತಿದೆ ಅನ್ನೋದು ಈ ಓರೆ ಬೆಳಕಲ್ಲೇ ಗೊತ್ತಾಗೋದು. ಮನುಷ್ಯರೂ ಅಷ್ಟೇ ಬಿಡಿ ಮೇಡಂ, ಎದ್ದ ಮುಖ ನೋಡ್ಬೇಕು" ಎನ್ನುತ್ತಾರೆ ನನ್ನ ಕಡೆ ತಿರುಗಿ.

ಈ ಸಂಶೋಧನಾ ಕೇಂದ್ರದಲ್ಲಿ ಅವರನ್ನು ಎಲ್ಲರೂ ಕರೆಯುವುದು ಅಳತೆ ಅಕ್ಕ ಎಂದು. ಹತ್ತೊಂಬತ್ತು ವರ್ಷದ ಕೆಲಸ. ಚಳಿ ಶುರುವಾಗುವಾಗ ಬಿತ್ತಿ, ನೀರು ಹಾಯಿಸಿ ಬೆಳೆಯುವ ಗೋಧಿಯ ಇಪ್ಪತ್ತನಾಲ್ಕು ತಳಿಗಳು ಇಲ್ಲಿ ಪಕ್ಕಪಕ್ಕ ನಿಂತಿವೆ. ಪ್ರತಿ ತಳಿಗೂ ಎರಡು ಬಗೆಯ ಆರೈಕೆ. ನೀರು ಎಲ್ಲಕ್ಕೂ ಒಂದೇ. ಆದರೆ ಅರ್ಧ ತಾಕುಗಳಿಗೆ ಸಾಧಾರಣ ಗೊಬ್ಬರ, ಉಳಿದರ್ಧಕ್ಕೆ ಹತ್ತಿರಹತ್ತಿರ ಎರಡರಷ್ಟು, ಮೇಲೆ ತುಕ್ಕು ರೋಗದ ಔಷಧಿ. ಇದೇ ಜೋಡಣೆ ಹೊಲದಲ್ಲಿ ನಾಲ್ಕು ಕಡೆ. ಒಟ್ಟು ನೂರತೊಂಬತ್ತೆರಡು ತಾಕು. ಪ್ರತಿಯೊಂದರಲ್ಲೂ ಐದು ಕಡೆ ಎತ್ತರ ಅಳೆಯಬೇಕು, ಒಂದು ಮೀಟರ್ ಸಾಲಿನ ತೆನೆ ಎಣಿಸಬೇಕು, ಬೆಳೆ ಎಷ್ಟು ವಾಲಿದೆ ಎಂದು ಅಂಕ ಹಾಕಬೇಕು. ನೆಟ್ಟಗಿದ್ದರೆ ಸೊನ್ನೆ. ಪೂರ್ತಿ ನೆಲಕಚ್ಚಿದ್ದರೆ ಒಂಬತ್ತು.

"ನಮ್ಮನ್ನೂ ಹಂಗೇ ನೋಡ್ತಾಳೆ" ಎನ್ನುತ್ತಾಳೆ ತೂಕದ ಕೋಣೆಯಲ್ಲಿ ಚೀಲ ಹೊಲಿಯುವವಳು. "ಜ್ವರ ಅಂತ ರಜಾ ಕೇಳಿದ್ರೆ, ಬರೀ ಮೂರು ಅಂಕ ವಾಲಿದೀಯ, ಕೆಲಸ ಮಾಡು ಅಂತಾಳೆ."

ಅಳತೆ ಅಕ್ಕ ನಗುವುದಿಲ್ಲ. ಮೊದಲು ನಗುತ್ತಿದ್ದರಂತೆ.

ಅವರ ಗಂಡ ಇದೇ ಹೊಲಕ್ಕೆ ನೀರು ಹಾಯಿಸುತ್ತಿದ್ದವರು. ಇಪ್ಪತ್ತಾರು ವರ್ಷ ಅದೇ ಕೆಲಸ. ಐದು ವಾರದ ಹಿಂದೆ, ಕಾಳು ಹಾಲುಗಟ್ಟುವ ಹೊತ್ತಿಗೆ, ಒಂದು ಗುರುವಾರ ಕಡೆಯ ನೀರು ಬಿಟ್ಟರು. ಶನಿವಾರ ಜೋರು ಗಾಳಿ. ಭಾನುವಾರ ಬೆಳಿಗ್ಗೆ ಅಕ್ಕ ಹೋಗಿ ನೋಡಿದರೆ, ಹೆಚ್ಚು ಗೊಬ್ಬರ ಉಂಡ ಹದಿನೇಳನೇ ತಳಿ ಹೊಲದ ಕೆಳತುದಿಯ ಎರಡು ತಾಕುಗಳಲ್ಲಿ ಚಾಪೆ ಹಾಸಿದ ಹಾಗೆ ಮಲಗಿತ್ತು. ಎರಡಕ್ಕೂ ಎಂಟು ಅಂಕ ಬರೆದರು. ಮಂಗಳವಾರ ಗಂಡನಿಗೆ ಎದೆನೋವು ಬಂತು. ಪಂಪ್ ಮನೆಯಿಂದ ಹೊತ್ತು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹನ್ನೊಂದು ದಿನ ಬಿಟ್ಟು ಕೆಲಸಕ್ಕೆ ಬಂದಾಗ ಅವರ ಪುಸ್ತಕದಲ್ಲಿ ಎಂಟರ ಪಕ್ಕ ಬೇರೆ ಕೈಬರಹವಿತ್ತು. 'ನೀರು ಹೆಚ್ಚು ಬಿಟ್ಟ ಕಾರಣ. ಹೋಲಿಕೆಯಿಂದ ಕೈಬಿಡಲಾಗಿದೆ.'

ಹದಿನೇಳು ಇಲ್ಲಿನ ತಳಿ ವಿಜ್ಞಾನಿಯ ಕೂಸು. ಮೂರು ವರ್ಷದಿಂದ ಇಳುವರಿಯಲ್ಲಿ ಅದೇ ಮೊದಲು. ಆ ಎರಡು ತಾಕು ಲೆಕ್ಕಕ್ಕೆ ಬಂದರೆ ಅದು ಮೊದಲ ಜಾಗದಿಂದ ಕೆಳಗಿಳಿಯುತ್ತದೆ, ರೈತರ ಹೊಲಕ್ಕೆ ಹೋಗುವುದಿಲ್ಲ. ಕೈಬಿಡಲು ಹೊರಗಿನ ಕಾರಣವೊಂದು ಬೇಕು.

ಮಾತು ಪುಸ್ತಕದಲ್ಲೇ ಉಳಿಯಲಿಲ್ಲ. ಉಗ್ರಾಣದ ಹಿಂದೆ ಅಕ್ಕನದು ಎರಡು ಕೋಣೆಯ ಮನೆ. ಅತ್ತೆ ಹಾಲಿನ ಅಂಗಡಿಯಿಂದ ಬಂದವರು ಪಾತ್ರೆ ಕೆಳಗಿಡದೆ ಕೇಳಿದರಂತೆ, "ನನ್ನ ಮಗ ನೀರು ಜಾಸ್ತಿ ಬಿಟ್ಟು ಬೆಳೆ ಮಲಗಿಸಿದ್ನಂತೆ, ಹೌದೇನೇ?" ಮರುದಿನವೂ ಕೇಳಿದರು. ಮೂರನೇ ದಿನ ಕೇಳಲಿಲ್ಲ, ಊಟವನ್ನೂ ಮಾಡಲಿಲ್ಲ.

"ಬದುಕಿದ್ದವರ ಮೇಲೆ ಹಾಕಿದ್ರೆ ಎದುರು ಮಾತಾಡ್ತಾರೆ. ಹೋದವರಾದ್ರೆ ತಂಟೆ ಇಲ್ಲ ನೋಡಿ" ಎನ್ನುತ್ತಾರೆ ಅಕ್ಕ.

ಅಕ್ಕ ಆವತ್ತೇ ಹೊಲಕ್ಕೆ ಹೋದರು. ಮಲಗಿದ್ದ ಗೋಧಿಯನ್ನು ಗುದ್ದಲಿ ಹಾಕಿ ಮಣ್ಣಿನ ಹೆಂಟೆ ಸಮೇತ ಎಬ್ಬಿಸಿದರು. ನೆಟ್ಟಗೆ ವಿಜ್ಞಾನಿಯ ಕೋಣೆಗೆ ಹೋಗಿ ಮೇಜಿನ ಮೇಲೆ, ಕಾಗದಗಳ ಮೇಲೆಯೇ ಇಟ್ಟರು.

"ನೀರು ಹೆಚ್ಚಾಗಿ ಬಿದ್ದಿದ್ರೆ ಮಣ್ಣು ಸಡಿಲಾಗಿ ಬೇರಿಂದಲೇ ವಾಲ್ಬೇಕಿತ್ತು ಸರ್. ನೋಡಿ, ಬೇರು ಕದಲಿಲ್ಲ. ಕಾಂಡ ಕೆಳಗಿನ ಗೆಣ್ಣಿನ ಮೇಲೆ ಮಡಿಸ್ಕೊಂಡಿದೆ. ಅಷ್ಟು ಗೊಬ್ಬರ ಉಂಡು ತೆನೆ ಹೊರೋ ಸೊಂಟ ಇದಕ್ಕಿಲ್ಲ. ಪಕ್ಕದ ಹದಿನಾರು, ಹದಿನೆಂಟು ಅದೇ ನೀರು ಕುಡಿದು ನಿಂತಿಲ್ವಾ?"

"ಒಂಬತ್ತು ವರ್ಷದ ಕೆಲಸ ಅಮ್ಮಾ ಇದು."

"ಅವರದು ಇಪ್ಪತ್ತಾರು ವರ್ಷ ಸರ್."

ವಿಜ್ಞಾನಿ ಬಹಳ ಹೊತ್ತು ಕಾಂಡವನ್ನು ಬೆರಳಲ್ಲಿ ತಿರುಗಿಸಿ ನೋಡಿದರಂತೆ. ಆಮೇಲೆ ಪುಸ್ತಕ ತೆರೆದು 'ನೀರು ಹೆಚ್ಚು ಬಿಟ್ಟ ಕಾರಣ' ಎಂಬುದನ್ನು ಹೊಡೆದುಹಾಕಿ 'ಬಿರುಗಾಳಿಯ ಕಾರಣ' ಎಂದು ಬರೆದರು. ಕೈಬಿಡಲಾಗಿದೆ ಎಂಬುದು ಹಾಗೇ ಉಳಿಯಿತು.

"ಗಾಳಿಗೆ ಹೆಂಡ್ತಿ ಇಲ್ವಲ್ಲ ಮೇಡಂ, ಬಂದು ಕೇಳೋಕೆ."

ವಿಜ್ಞಾನಿಯನ್ನು ನಾನೂ ಕಂಡು ಕೇಳಿದೆ. "ಹತ್ತೊಂಬತ್ತು ವರ್ಷದಲ್ಲಿ ಅವರ ಅಂಕಿಯಲ್ಲಿ ತಪ್ಪು ಕಂಡಿಲ್ಲ" ಎಂದರು. ಕಾರಣ ಕೇಳಿದಾಗ ಬೀಜದ ಚೀಲಗಳ ಪಟ್ಟಿ ಕೈಗೆತ್ತಿಕೊಂಡರು. ಮುಂದಿನ ಬಿತ್ತನೆಗೆ ಹದಿನೇಳರ ಬೀಜ ಚೀಲಕ್ಕೆ ತುಂಬುವುದು ಶುರುವಾಗಲಿದೆ.

ಪುಸ್ತಕದಲ್ಲಿ ಕಾರಣ ಬದಲಾದ ದಿನ ಸಂಜೆ ಅಕ್ಕ ಅತ್ತೆಗೆ ವಿಷಯ ಹೇಳಿದಾಗ ಆ ಮುದುಕಿ, "ಗಾಳಿನಾ? ಹಾಗನ್ನು ಮತ್ತೆ" ಎಂದು ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಅಕ್ಕನಿಗೆ ಅಷ್ಟು ಸಾಕಾಗಿಲ್ಲ. ಆದರೂ ಇನ್ನೊಮ್ಮೆ ಆ ಕೋಣೆಗೆ ಹೋಗಿಲ್ಲ.

ಅಡುಗೆಕೋಣೆಯ ಕಿಟಕಿಯಿಂದ ಪಂಪ್ ಮನೆ ಕಾಣುತ್ತದೆ. "ಪಂಪ್ ಶುರುವಾದ ಸದ್ದು ಕೇಳಿದ್ರೆ ಟೀಗೆ ಇಡ್ತಿದ್ದೆ. ಈಗ ಬೇರೆಯವರು ಶುರು ಮಾಡ್ತಾರೆ. ಕೈ ಮಾತ್ರ ಹಂಗೇ ಪಾತ್ರೆಗೆ ಹೋಗತ್ತೆ" ಎನ್ನುತ್ತಾರೆ.

ಇವತ್ತು ಕೊಯ್ಲಿಗೆ ಮುಂಚಿನ ಕಡೆಯ ಅಂಕ. ಕೆಳತುದಿಯ ಆ ಎರಡು ತಾಕುಗಳನ್ನು ಅಳೆಯಬೇಕೆಂದು ಯಾರೂ ಹೇಳಿಲ್ಲ. ಅಕ್ಕ ಅಲ್ಲಿಯೂ ಕುಕ್ಕರಗಾಲಲ್ಲಿ ಕೂರುತ್ತಾರೆ. ಮತ್ತೆ ಎಂಟು ಬರೆಯುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಪುಸ್ತಕ ಮುಚ್ಚಿ ಕೋಲನ್ನು ಮತ್ತೆ ಹೆಗಲಿಗಿಟ್ಟುಕೊಳ್ಳುತ್ತಾರೆ.

"ಈ ಬೀಜ ಎಲ್ಲೆಲ್ಲಿಗೋ ಹೋಗತ್ತೆ. ಗೊಬ್ಬರ ಸುರಿದವರ ಹೊಲದಲ್ಲಿ ಬೀಳತ್ತೆ, ಅದು ನಂಗೊತ್ತು. ಅಲ್ಲೂ ಯಾರೋ ಒಬ್ಬರು ನೀರು ಕಟ್ಟಿರ್ತಾರೆ. ಅವರನ್ನ ಬೈಯೋಕೆ ಮುಂಚೆ ಒಂದು ಗಿಡ ಕಿತ್ತು ನೋಡ್ಲಿ. ಅಷ್ಟೇ."